ಸ್ಪ್ರಿಂಗ್ ವಸಂತನ ಹೆದರಿಕೆ

ವಸಂತನಷ್ಟು ಹೆದರುವ ಇನ್ನೊಬ್ಬ ಗಂಡಸನ್ನು ನಾನು ಈ ಸೀಮೆಯಲ್ಲಿ ನೋಡಿಲ್ಲ. ನಾಯಿಗೆ ಹೆದರುತ್ತಾನೆ, ಕರೆಂಟಿಗೆ ಹೆದರುತ್ತಾನೆ, ಬಾವಿಕಟ್ಟೆಗೆ ಒರಗಿ ನಿಂತವರನ್ನು ಕಂಡರೆ ತಾನೇ ಬೀಳುತ್ತಿರುವವನಂತೆ ಕೂಗುತ್ತಾನೆ. ನನ್ನ ಅಂಗಡಿಯಲ್ಲಿ ಹಗ್ಗದ ಸುರುಳಿ ನೇತು ಹಾಕಿದ ಕಡೆಗೆ ಅವನು ಬೆನ್ನು ಹಾಕಿ ನಿಂತದ್ದೇ ಇಲ್ಲ. ಅಂಥವನು ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಕೇಳಿ: ಊರವರ ಮನೆಯ ಕತ್ತಲೆ ಪೈಪುಗಳಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಹುಡುಕಿ ಹೊರಗೆ ಎಳೆಯುವುದು. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ನಾನು ಇಬ್ರಾಹಿಂ ಖಲೀಲ್. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪೈಪು, ನಲ್ಲಿ, ಆಸಿಡ್, ಸಿಮೆಂಟು ಮಾರುವವನು. ನನ್ನ ನಾಲಗೆ ಸ್ವಲ್ಪ ಖಾರ ಎಂದು ಗಿರಾಕಿಗಳು ಹೇಳುತ್ತಾರೆ. ಹೇಳಲಿ, ನಲ್ಲಿ ಸೋರದಿದ್ದರೆ ಸಾಕು. ವಸಂತ ನನ್ನ ಅಂಗಡಿಯ ಬಾಗಿಲಲ್ಲೇ ಅರ್ಧ ಆಯುಸ್ಸು ಕಳೆದವನು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಓದುವವರಿಗಾಗಿ ಕನ್ನಡ ಮಾಡಿದ್ದೇನೆ.

ಅವನ ಯಂತ್ರವನ್ನು ನೋಡದವರಿಗೆ ಹೇಳಬೇಕು. ಒಂದು ಮೋಟಾರು, ಅದರ ಮುಂದೆ ಅಗಲವಾದ ಡ್ರಮ್ಮು, ಡ್ರಮ್ಮಿನೊಳಗೆ ಸುತ್ತಿಟ್ಟ ಉದ್ದದ ಉಕ್ಕಿನ ಸ್ಪ್ರಿಂಗು, ತುದಿಗೆ ತಿರುಚಿದ ಕೊಕ್ಕೆ. ಸ್ವಿಚ್ಚು ಅದುಮಿದರೆ ಸ್ಪ್ರಿಂಗು ಗರಗರ ತಿರುಗುತ್ತ ಪೈಪಿನೊಳಗೆ ಹೋಗುತ್ತದೆ, ತಿರುವು ಬಂದಲ್ಲಿ ಬಗ್ಗುತ್ತದೆ, ಎದುರು ಸಿಕ್ಕಿದ ಕೂದಲು, ಬಟ್ಟೆ, ಬೇರುಗಳನ್ನು ಕೊಕ್ಕೆಗೆ ಸುತ್ತಿಕೊಂಡು ವಾಪಸು ಬರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡೆ ಬಚ್ಚಲು ಕಟ್ಟಿದರೆ ಜನ ಫೋನು ಮಾಡುವುದು ಇವನಿಗೇ. ಹೆಸರು ಕೂಡ ಸ್ಪ್ರಿಂಗ್ ವಸಂತ ಎಂದೇ ಆಗಿಹೋಗಿದೆ.

ಹುಟ್ಟಿದ್ದು ಬೆಳ್ತಂಗಡಿಯ ಮೇಲಿನ ಗುಡ್ಡದ ಹಳ್ಳಿಯಲ್ಲಿ, ಈಗ ಮನೆ ಮಾಡಿಕೊಂಡಿರುವುದು ಶಿರ್ತಾಡಿಯಲ್ಲಿ. ಕೆಲಸ ಕಲಿತದ್ದು ಗಲ್ಫಿನಲ್ಲಿ. ಅಲ್ಲಿಯೇ ಒಂದು ದಿನ ನೂಲಿನ ಗ್ಲೌಸು ಹಾಕಿಕೊಂಡು ತಿರುಗುವ ಸ್ಪ್ರಿಂಗು ಹಿಡಿದಿದ್ದಾನೆ. ನೂಲು ಸುತ್ತಿಕೊಂಡಿತು, ನೂಲಿನ ಜೊತೆ ಎಡಗೈಯ ತೋರುಬೆರಳು ಅರ್ಧ ಹೋಯಿತು. ಊರಿಗೆ ಬಂದ ಮೇಲೆ ತುಕ್ರಪ್ಪ ಎಂಬ ಹಿರಿಯ ಪ್ಲಂಬರಿನ ಜೊತೆ ಸೇರಿಕೊಂಡ. ತುಕ್ರಪ್ಪನಿಗೆ ಯಾವುದಕ್ಕೂ ಹೆದರಿಕೆ ಇರಲಿಲ್ಲ. ಯಾವುದೋ ಲಾಡ್ಜಿನ ಕಕ್ಕಸು ಗುಂಡಿಗೆ ನಟ್ಟು ತಿರುಗಿಸುವ ಪಾನಾ ಬಿತ್ತು ಎಂದು ಇಳಿದವನು ಮೇಲೆ ಬರಲಿಲ್ಲ. ಒಳಗಿದ್ದ ಗ್ಯಾಸು ಅವನಿಗೆ ಕೂಗಲಿಕ್ಕೂ ಬಿಡಲಿಲ್ಲ. ಮೇಲೆ ಹಗ್ಗ ಹಿಡಿದು ನಿಂತಿದ್ದವನು ವಸಂತ. ಹಗ್ಗ ಭಾರವಾದದ್ದು ತನ್ನ ಅಂಗೈಗೆ ಈಗಲೂ ನೆನಪುಂಟು ಎನ್ನುತ್ತಾನೆ.

ಆಮೇಲೆ ಅವನು ಯಾವ ಗುಂಡಿಗೂ ಇಳಿದವನಲ್ಲ, ತಲೆ ಕೂಡ ಬಗ್ಗಿಸಿದವನಲ್ಲ. ಯಾರಾದರೂ ಗೇಲಿ ಮಾಡಿದರೆ ಒಂದೇ ಉತ್ತರ. "ಹೆದರಿದವ ಮನೆಗೆ ಹೋಗ್ತಾನೆ ಮಾರಾಯ್ರೆ. ಧೈರ್ಯದವ ಗೋಡೆಯ ಫೋಟೋಕ್ಕೆ ಹೋಗ್ತಾನೆ."

ಸ್ವಿಚ್ಚು ಅದುಮುವ ಮೊದಲು ಪ್ರತಿ ಮನೆಯಲ್ಲೂ ಅವನು ಕೇಳುವ ಪ್ರಶ್ನೆ ಒಂದುಂಟು: "ಆಸಿಡ್ ಏನಾದ್ರೂ ಹಾಕಿದ್ದೀರಾ?" ಜನ ಮೊದಲು ನನ್ನ ಅಂಗಡಿಯಿಂದ ಆಸಿಡ್ ಒಯ್ದು ಸುರಿದು, ಆಗದಿದ್ದರೆ ಆಮೇಲೆ ಅವನನ್ನು ಕರೆಯುತ್ತಾರೆ. ಪೈಪಿನಲ್ಲಿ ನಿಂತ ಆಸಿಡ್ ಸ್ಪ್ರಿಂಗಿನ ಜೊತೆ ಎಗರಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಯಿತು. ಸ್ಪ್ರಿಂಗಂತೂ ತುಕ್ಕು ಹಿಡಿದು ಹಾಳು. ಹಾಕಿದ್ದೇವೆ ಎಂದರೆ ಬೇಕಾದಷ್ಟು ನೀರು ಬಿಟ್ಟು ತೊಳೆದೇ ಮುಂದಿನ ಕೆಲಸ.

ಕಳೆದ ಮಳೆಗಾಲದಲ್ಲಿ ಅವನ ಹೆದರಿಕೆಗೆ ಇನ್ನೊಂದು ಕಾರಣ ಸೇರಿತ್ತು. ಅವನಿಗೂ ಹೆಂಡತಿ ಲೋಲಾಕ್ಷಿಗೂ ಇರುವುದು ಒಬ್ಬಳೇ ಮಗಳು, ಸುರಕ್ಷಾ. ಅವಳಿಗೆ ಒಮ್ಮೆ ನಿಂತ ಗರ್ಭ ಕೈತಪ್ಪಿ ಹೋಗಿತ್ತು. ಈಗ ಮತ್ತೆ ನಿಂತಿದೆ, ಇನ್ನೂ ಮೂರನೆಯ ತಿಂಗಳು, ವಾಂತಿ ಜಾಸ್ತಿ ಎಂದು ತಾಯಿ ಮನೆಗೆ ಬಂದು ಮಲಗಿದ್ದಾಳೆ. ಐದು ತಿಂಗಳು ತುಂಬುವವರೆಗೆ ಇದನ್ನು ಹೊರಗಿನವರ ಕಿವಿಗೆ ಹಾಕುವ ಕ್ರಮ ಅವರಲ್ಲಿಲ್ಲ, ದೃಷ್ಟಿಯಾಗುತ್ತದೆ ಎಂದು. ನನಗೆ ಗೊತ್ತಾದದ್ದು ಅವನು ಮನೆಗೆ ಕೂರುವ ಕಮೋಡು ಒಯ್ಯಲು ಬಂದಾಗ. "ಯಾರಿಗೆ ಮಾರಾಯ, ನಿನಗೆ ಮೊಣಗಂಟು ನೋವಾ?" ಎಂದು ಕೇಳಿದರೆ ಮುಖ ಕೆಂಪಗೆ ಮಾಡಿಕೊಂಡ. ಹೆಣ್ಣು ಮಕ್ಕಳಿರುವವನು ನಾನು, ಅಷ್ಟರಲ್ಲೇ ಅರ್ಥ ಮಾಡಿಕೊಂಡೆ. "ಯಾರಿಗೂ ಹೇಳ್ಬೇಡಿ ಇಬ್ರಾಯಿಚ್ಚ," ಎಂದು ನನ್ನ ಕೈ ಹಿಡಿದುಕೊಂಡ.

ಆಟಿ ತಿಂಗಳ, ಅಂದರೆ ಆಷಾಢದ ಮಳೆಗೆ ನೇತ್ರಾವತಿ ಏರಿ, ಬಂಟ್ವಾಳ ಪೇಟೆಯ ಕೆಳಗಿನ ರಸ್ತೆಗೆ ಬಂದು, ಇಳಿದು ಹೋಗಿತ್ತು. ಹೊಳೆ ಏರಿದಾಗ ಹರಿದಾಡುವ ಜೀವಗಳೆಲ್ಲ ಒಣ ಜಾಗ ಹುಡುಕಿ ಮನೆಗಳತ್ತ ಬರುವುದು ಇಲ್ಲಿ ಹೊಸತಲ್ಲ. ಅದರ ಮರುದಿನ ಹೊಳೆಬದಿಯ ನೀಲಾವತಿ ಶೆಟ್ಟಿಯವರ ಮನೆಯಿಂದ ವಸಂತನಿಗೆ ಫೋನು ಬಂತು. ದೊಡ್ಡ ಮನೆ, ಗದ್ದೆ ತೋಟ ಇದ್ದವರು, ಮಗ ದುಬೈಯಲ್ಲಿ, ಸೊಸೆ ತೃಷಾ ಇಲ್ಲಿ ಅತ್ತೆಯ ಜೊತೆ. ಬಚ್ಚಲಿನ ನೀರು ಹೋಗುವುದಿಲ್ಲ, ಕೂಡಲೇ ಬರಬೇಕು ಎಂದರಂತೆ.

ಅಲ್ಲಿ ಏನು ನಡೆಯಿತು ಎನ್ನುವುದನ್ನು ವಸಂತ ಅದೇ ಮಧ್ಯಾಹ್ನ ನನ್ನ ಅಂಗಡಿಯ ಗೋಡೌನಿನಲ್ಲಿ, ಸಿಮೆಂಟು ಮೂಟೆಯ ಮೇಲೆ ಕೂತು ಹೇಳಿದ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಒಂದೊಂದು ಮಾತನ್ನು ಎರಡು ಸಲ ಹೇಳಿಸಬೇಕಾಯಿತು.

ಅವನು ಯಂತ್ರ ಹೊತ್ತುಕೊಂಡು ಬಚ್ಚಲಿನ ಹತ್ತಿರ ಹೋದಾಗ ನೀಲಾವತಿಯಕ್ಕ ಬಾಗಿಲಿಗೆ ಅಡ್ಡ ನಿಂತಿದ್ದರಂತೆ. "ವಸಂತ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಮನೆಯಲ್ಲಿ ಬಸುರಿ ಹೆಂಗಸರು ಯಾರಾದ್ರೂ ಉಂಟಾ?"

ಎಂಥ ಪ್ರಶ್ನೆ ಇದು ಎಂದು ಅವನಿಗೆ ಅನಿಸಿತು. ಆದರೆ ನಾಲಗೆ ತಾನಾಗಿಯೇ ಉತ್ತರ ಕೊಟ್ಟಿತು. "ಇಲ್ಲಕ್ಕ."

ಅವರು ಒಂದು ಉಸಿರು ಬಿಟ್ಟು ಪಕ್ಕಕ್ಕೆ ಸರಿದರು. ಅವನು ತನ್ನ ಪ್ರಶ್ನೆ ಕೇಳಿದ. "ಆಸಿಡ್ ಏನಾದ್ರೂ ಹಾಕಿದ್ದೀರಾ ಅಕ್ಕ?"

"ಇಲ್ಲಪ್ಪ. ಫಿನಾಯಿಲ್ ಮಾತ್ರ."

ಫಿನಾಯಿಲಿನ ವಾಸನೆ ಮೂಗಿಗೆ ಹೊಡೆಯುವಷ್ಟಿತ್ತು. ಇವನು ಸ್ಪ್ರಿಂಗು ಬಿಟ್ಟ. ಒಳಗೇನಿದೆ ಎನ್ನುವುದು ಕಣ್ಣಿಗೆ ಕಾಣದಿದ್ದರೂ ಇವನ ಕೈಗೆ ಗೊತ್ತಾಗುತ್ತದೆ. ಕೂದಲಾದರೆ ಮೆತ್ತಗೆ ಜಗ್ಗುತ್ತದೆ, ಬೇರಾದರೆ ಕಟಕಟ ಎನ್ನುತ್ತದೆ. ಇದು ಎರಡೂ ಅಲ್ಲ. ಮೊದಲು ಜಾರಿತು, ಆಮೇಲೆ ದಪ್ಪಗೆ ಬಿಗಿದುಕೊಂಡಿತು. ಉಲ್ಟಾ ತಿರುಗಿಸಿ ಎಳೆದ. ನೆಲದ ತೂತಿನಿಂದ ಮೇಲೆ ಬಂದದ್ದು ಸ್ಪ್ರಿಂಗಿಗೆ ಸುತ್ತಿಕೊಂಡ ಮೈ, ಅದರ ಮೇಲೆ ಹರಿದ ಹೆಡೆ, ಹೆಡೆಯ ಮೇಲೆ ಕನ್ನಡಕದಂಥ ಆ ಗುರುತು.

ಅದರ ಹೆಸರನ್ನು ವಸಂತ ನನಗೆ ಹೇಳುವಾಗಲೂ ಹೇಳಲಿಲ್ಲ. "ಒಳ್ಳೆಯದು ಇಬ್ರಾಯಿಚ್ಚ, ಒಳ್ಳೆಯದು," ಎಂದ. ನಮ್ಮ ಕಡೆ ಸರ್ಪವನ್ನು ಹಾಗೆಯೇ ಕರೆಯುವುದು. ಹೊಡೆಯುವುದು ಬಿಡಿ, ಸತ್ತದ್ದು ದಾರಿಯಲ್ಲಿ ಕಂಡರೂ ಬಟ್ಟೆ ಹೊದಿಸಿ ಮನುಷ್ಯರಿಗೆ ಮಾಡಿದಂತೆ ಸಂಸ್ಕಾರ ಮಾಡಿಸುತ್ತಾರೆ. ಕೊಂದವನ ಮನೆಯಲ್ಲಿ ಮಕ್ಕಳು ನಿಲ್ಲುವುದಿಲ್ಲ, ನಿಂತರೂ ಮೈಯಲ್ಲಿ ಹುರುಪೆ ಏಳುತ್ತದೆ, ಕಣ್ಣು ಮಂಜಾಗುತ್ತದೆ ಎಂದು ನಂಬಿಕೆ. ನಮ್ಮ ಮನೆಯಲ್ಲಿ ಸರ್ಪಕ್ಕೆ ಹಾಲು ಎಳನೀರಿನ ತನು ಹಾಕುವ ಕ್ರಮ ಇಲ್ಲ. ಆದರೆ ಈ ಮಣ್ಣಿನಲ್ಲಿ ಹುಟ್ಟಿದವನಿಗೆ ಆ ಹೆದರಿಕೆ ಸ್ವಲ್ಪವೂ ತಾಗಿಲ್ಲ ಎಂದರೆ ಅದು ಸುಳ್ಳು.

"ಅಕ್ಕ ಏನಂದ್ರು?" ಎಂದು ಕೇಳಿದೆ.

"'ಅಯ್ಯೋ ದೇವರೇ, ನಿಮ್ಮ ಕೈಯಲ್ಲಿ ಹೋಯ್ತಲ್ಲ' ಅಂದ್ರು. ಬಿಳಿ ಬಟ್ಟೆ ಹೊದಿಸಿದ್ರು. ಇವತ್ತಿನ ಸಂಸ್ಕಾರಕ್ಕೆ ಭಟ್ರನ್ನು ಕರೆಸ್ತೇನೆ, ಕೊಂದ ಕೈ ನಿಮ್ಮದಾದ ಕಾರಣ ದೋಷ ಕಳೆಯುವ ದೊಡ್ಡ ಸಂಸ್ಕಾರಕ್ಕೆ ನೀವೇ ಕೂರಬೇಕು, ಶ್ರಾವಣ ಬರಲಿ ಅಂದ್ರು." ಅವನು ತಲೆ ಎತ್ತಿದ. "ಅದು ಒದ್ದಾಡಿತಾ ಇಲ್ವಾ ಅಂತ ನೆನಪೇ ಆಗುವುದಿಲ್ಲ. ಸುತ್ತುತ್ತಾ ಇದ್ದದ್ದು ಸ್ಪ್ರಿಂಗಾ, ಅದುವಾ? ಸುರಕ್ಷಾ ಮನೆಯಲ್ಲಿ ಮಲಗಿದ್ದಾಳೆ. ನಾನು ಈ ಕೈಯಲ್ಲಿ ಹೇಗೆ ಒಳಗೆ ಹೋಗಲಿ?"

ಯಂತ್ರವನ್ನು ತೊಳೆಯದೆ, ಎಣ್ಣೆ ಹಚ್ಚದೆ ನನ್ನ ಗೋಡೌನಿನ ಮೂಲೆಯಲ್ಲಿಟ್ಟು ಹೋದ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಮಗುವಿಗೆ ಮೀಯಿಸಿದಂತೆ ತೊಳೆದು ಎಣ್ಣೆ ಹಚ್ಚಿ ಇಡುವವನು ಅವನು. ಆ ದಿನ ಅದರತ್ತ ತಿರುಗಿಯೂ ನೋಡಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ವಸಂತ ಫೋನು ಎತ್ತುವುದನ್ನು ಬಿಟ್ಟ. ಮೂಡುಬಿದಿರೆಯವರೂ ಬೆಳ್ತಂಗಡಿಯವರೂ ನನ್ನ ಅಂಗಡಿಗೆ ಫೋನು ಮಾಡಿ ಬೈಯತೊಡಗಿದರು. ಲೋಲಾಕ್ಷಿಗೆ ಅವನು ಏನೂ ಹೇಳಿಲ್ಲ. ಹೇಳಿದರೆ ಅವಳ ಮುಖ ನೋಡಿಯೇ ಮಗಳಿಗೆ ಗೊತ್ತಾಗುತ್ತದೆ, ಮಗಳಿಗೆ ಗೊತ್ತಾದರೆ ಆ ಹೆದರಿಕೆಯೇ ಗರ್ಭವನ್ನು ತಿನ್ನುತ್ತದೆ. ಮನೆಯಲ್ಲಿ ಮಗಳ ಕೋಣೆಯ ಹೊಸ್ತಿಲು ದಾಟುವುದಿಲ್ಲ, ಹೊರಗಿನಿಂದಲೇ "ಊಟ ಆಯ್ತಾ ಮಗಾ" ಎಂದು ಕೇಳುತ್ತಾನೆ. ಅಪ್ಪನಿಗೆ ನನ್ನ ಮೇಲೆ ಕೋಪವಾ ಎಂದು ಅವಳು ಅತ್ತಳಂತೆ. ನಾನು ಬೈದೆ. "ಪೈಪಿನೊಳಗೆ ಇದ್ದದ್ದು ನಿನಗೆ ಕಾಣ್ತದಾ? ಬೇಕಂತ ಮಾಡಿದ್ದಾ? ದೇವರಿಗೆ ಅಷ್ಟೂ ಗೊತ್ತಾಗುವುದಿಲ್ವಾ?"

ಒಂದು ಬೆಳಿಗ್ಗೆ ಅವನೇ ಫೋನು ಮಾಡಿದ. "ಇಬ್ರಾಯಿಚ್ಚ, ಸುರಕ್ಷಾಳಿಗೆ ಸ್ವಲ್ಪ ರಕ್ತ ಕಂಡಿದೆ. ಡಾಕ್ಟ್ರು ಏಳ್ಬೇಡಿ, ಮಲಗಿಯೇ ಇರಿ ಅಂದಿದ್ದಾರೆ." ಅದುವರೆಗೆ ಅವನನ್ನು ಗೇಲಿ ಮಾಡುತ್ತಿದ್ದ ನಾನು ಫೋನು ಇಟ್ಟು, ಗಲ್ಲಾಪೆಟ್ಟಿಗೆಯ ದುಡ್ಡನ್ನು ಎರಡು ಸಲ ತಪ್ಪು ಎಣಿಸಿದೆ. ನಾನೂ ಆ ಕೊಕ್ಕೆಯನ್ನೇ ಯೋಚಿಸುತ್ತಿದ್ದೆ.

ಅದೇ ದಿನ ಸಿಮೆಂಟು ತೆಗೆಯಲು ಗೋಡೌನಿಗೆ ಹೋದಾಗ ಯಂತ್ರದ ಮೇಲೆ ಕಣ್ಣು ಬಿತ್ತು. ಸ್ಪ್ರಿಂಗಿನ ಹಿಂದಿನ ಭಾಗ ಮಾಮೂಲಿಯಂತೆ ಕಪ್ಪಗಿದೆ. ಪೈಪಿನೊಳಗೆ ಹೋದ ಮುಂದಿನ ಭಾಗ ಮಾತ್ರ ಕೇಸರಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿ ಉದುರುತ್ತಿದೆ. ಬರೀ ನೀರಿಗೆ ಹೀಗೆ ಆಗುವುದಿಲ್ಲ, ಫಿನಾಯಿಲಿಗಂತೂ ಆಗುವುದೇ ಇಲ್ಲ. ಜೀವಮಾನವಿಡೀ ಆಸಿಡ್ ಮಾರಿದವನಿಗೆ ಆಸಿಡ್ ತಿಂದ ಕಬ್ಬಿಣ ಗೊತ್ತಾಗದೆ ಇರುತ್ತದೆಯೇ? ಆಗ ಉಳಿದದ್ದೂ ಒಂದೊಂದಾಗಿ ಬಂತು. ಬಾಗಿಲಿಗೆ ಅಡ್ಡ ನಿಂತು ಕೇಳಿದ ಆ ಪ್ರಶ್ನೆ. ಆಸಿಡಿನ ವಾಸನೆ ಮುಚ್ಚಲು ಬಚ್ಚಲು ತುಂಬ ಸುರಿದ ಫಿನಾಯಿಲು.

ವಸಂತನನ್ನು ಕರೆಸಿದೆ. "ಆ ಬಿಳಿ ಬಟ್ಟೆ ಅಕ್ಕ ಎಲ್ಲಿಂದ ತಂದ್ರು?" ಎಂದು ಕೇಳಿದೆ.

ಅವನು ನೆನಪು ಮಾಡಿಕೊಂಡ. "ತರಲಿಲ್ಲ. ಕೈಯಲ್ಲೇ ಇತ್ತು."

ಹೇಳಿ ಮುಗಿಸಿದಾಗ ಅವನಿಗೇ ಅರ್ಥವಾಗಿತ್ತು. ನಾನು ಸ್ಪ್ರಿಂಗಿನ ತುಕ್ಕು ತೋರಿಸಿದೆ. "ನೀನು ಹೋಗುವ ಮೊದಲೇ ಅದು ಸತ್ತಿತ್ತು ಮಾರಾಯ. ಆಸಿಡ್ ಹಾಕಿ ಕೊಂದವರು ಅವರು. ನಿನ್ನ ಕೈಯಿಂದ ತೆಗೆಸಿದ್ದಾರೆ, ಅಷ್ಟೇ."

ವಸಂತ ಸಿಮೆಂಟು ಮೂಟೆಯ ಮೇಲೆ ಕುಸಿದು ಕೂತು ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಚಾ ಕೇಳಿದ. ಎಷ್ಟೋ ದಿನಗಳ ನಂತರ ಅವನಾಗಿ ಕೇಳಿದ್ದು ಅದು. ಬನ್ಸು ಕೂಡ ತಿಂದ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಗಾದೆ ಉಂಟು. ಇವರದ್ದು ಅದಕ್ಕಿಂತ ಮುಂದೆ ಹೋದ ಲೆಕ್ಕ, ಕೋಲು ಬೇರೆಯವರ ಮನೆಯದ್ದಾದರೆ ಮುರಿದರೂ ಅಡ್ಡಿ ಇಲ್ಲ. "ಏಳು, ಹೋಗುವ," ಎಂದೆ. ಸ್ಪ್ರಿಂಗನ್ನೂ ಜೊತೆಗೆ ತೆಗೆದುಕೊಂಡೆ.

ನೀಲಾವತಿಯಕ್ಕ ಜಗಲಿಯಲ್ಲಿದ್ದರು. ನಾನು ನಮಸ್ಕಾರ ಕೂಡ ಹೇಳದೆ ಸ್ಪ್ರಿಂಗನ್ನು ಅವರ ಎದುರಿಗೆ ನೆಲಕ್ಕೆ ಹಾಕಿದೆ. "ಇದು ಫಿನಾಯಿಲಿಗೆ ಹೀಗೆ ಆಗ್ತದಾ ಅಕ್ಕ?"

ಅವರು ಸ್ಪ್ರಿಂಗು ನೋಡಿದರು, ವಸಂತನನ್ನು ನೋಡಿದರು. ಜಗಳಾಡುತ್ತಾರೆ ಎಂದು ನಾನು ತಯಾರಾಗಿ ಹೋಗಿದ್ದೆ. ಅವರು ಕಂಬ ಹಿಡಿದುಕೊಂಡರು.

"ಅದು ಬಚ್ಚಲಿನ ತೂತಿಗೆ ಹೋಗುವುದನ್ನು ನಾನು ನೋಡಿದೆ ಸಾಯಿಬ್ರೇ. ಬಾಲ ಮಾತ್ರ ಕಂಡಿತು, ಯಾವುದಂತ ಗೊತ್ತಾಗ್ಲಿಲ್ಲ. ತೃಷಾ ಮೀಯಲಿಕ್ಕೆ ಹೋಗುವ ಹೊತ್ತು. ಆರು ತಿಂಗಳ ಬಸುರಿ. ನನಗೆ ಏನು ಮಾಡ್ಬೇಕು ತಿಳಿಯಲಿಲ್ಲ, ಆಸಿಡ್ ಸುರಿದೆ. ಸ್ವಲ್ಪ ಹೊತ್ತಿಗೆ ಹೆಡೆ ಮೇಲೆ ಬಂತು. ನನ್ನನ್ನು ನೋಡಿತು. ಆಮೇಲೆ ಒಳಗೆ ಹೋಯ್ತು." ಅವರ ದನಿ ಪಿಸುಮಾತಾಗಿತ್ತು. "ಈ ಮನೆಯಲ್ಲಿ ಬಸುರಿ ಇರುವಾಗ ನನ್ನ ಕೈಯಲ್ಲಿ ಹೋಯ್ತು ಅಂತ ಹೇಗೆ ಹೇಳಲಿ? ಅದಕ್ಕೇ ವಸಂತನನ್ನು ಕೇಳಿದೆ. ಬಸುರಿ ಯಾರಾದ್ರೂ ಉಂಟಾ ಅಂತ ಕೇಳಿದೆ ಅಲ್ವಾ? ಇಲ್ಲ ಅಂದ ಮೇಲೆಯೇ ಒಳಗೆ ಬಿಟ್ಟದ್ದು."

ವಸಂತ ಆಗ ಬಾಯಿ ಬಿಟ್ಟ. "ಉಂಟು ಅಕ್ಕ. ಮಗಳು. ಮೂರು ತಿಂಗಳು. ನಿನ್ನೆಯಿಂದ ರಕ್ತ ಕಾಣ್ತಾ ಉಂಟು."

ನೀಲಾವತಿಯಕ್ಕ ನಿಂತಲ್ಲೇ ಕೂತುಬಿಟ್ಟರು. ಬಾಯಿಗೆ ಸೆರಗು ಹಿಡಿದುಕೊಂಡು ನನ್ನನ್ನೂ ಅವನನ್ನೂ ನೋಡದೆ ಆ ಸ್ಪ್ರಿಂಗನ್ನೇ ನೋಡುತ್ತಿದ್ದರು. ನಾನು ಅದನ್ನು ಕಾಲಿನಿಂದ ಬದಿಗೆ ಸರಿಸಿದೆ.

ಒಳಗೆ ಮೆಟ್ಟಿಲಿನ ಹತ್ತಿರ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ತೃಷಾ. ಕೈಯಲ್ಲಿದ್ದ ಲೋಟ ಬಿದ್ದು ಉರುಳುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಣ್ಣ ಪ್ರಾಯದ ಹುಡುಗಿ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅತ್ತೆಯನ್ನು ನೋಡುತ್ತಿದ್ದಳು. ಆ ಮುಖದಲ್ಲಿದ್ದದ್ದನ್ನು ನಾನು ಅಷ್ಟು ದಿನ ವಸಂತನ ಮುಖದಲ್ಲಿ ನೋಡಿದ್ದೆ. "ಅತ್ತೇ, ನೀವಾ?" ಎಂದಳು. "ನನ್ನ ಮಗುವಿಗೆ?"

ಆಗ ವಸಂತ ಒಂದು ಹೆಜ್ಜೆ ಮುಂದೆ ಹೋದ.

"ಅಲ್ಲ ಮಗಾ. ಇಬ್ರಾಯಿಚ್ಚನಿಗೆ ಸರಿ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ. ನಾನು ಸ್ಪ್ರಿಂಗ್ ಬಿಡುವಾಗ ಅದಕ್ಕೆ ಜೀವ ಇತ್ತು. ಮೇಲೆ ಬಂದ ಮೇಲೆ ಬಾಲ ನೆಲಕ್ಕೆ ಹೊಡೆದದ್ದನ್ನು ನಾನೇ ನೋಡಿದ್ದೇನೆ. ಅಷ್ಟು ಆಸಿಡಿಗೆಲ್ಲ ಅದು ಸಾಯುವುದಿಲ್ಲ. ಕೈ ನನ್ನದೇ. ನಿಮ್ಮ ಮನೆಯ ಮೇಲೆ ಏನೂ ಇಲ್ಲ, ಹೆದರ್ಬೇಡ."

ತೃಷಾ ಅವನನ್ನೇ ನೋಡಿದಳು. ನಿಧಾನವಾಗಿ ಅವಳ ಕೈಗಳು ಸಡಿಲವಾದವು. ನೀಲಾವತಿಯಕ್ಕ ತಲೆ ಎತ್ತಿ ಏನೋ ಹೇಳಲು ಹೊರಟರು. ಸೊಸೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ನಾನು ಅವನನ್ನು ಮನಸೋ ಇಚ್ಛೆ ಬೈದೆ. "ನಿನಗೆ ತಲೆ ಸರಿ ಉಂಟಾ? ಬಾಲ ಹೊಡೆಯಿತಾ? ಅದನ್ನು ಯಾವಾಗ ನೋಡಿದೆ ನೀನು? ಇಷ್ಟು ದಿನ ಸತ್ತು ಬದುಕಿದ್ದಿ, ಈಗ ಬಿಟ್ಟುಹೋದದ್ದನ್ನು ನೀನಾಗಿ ವಾಪಸು ಮೈಮೇಲೆ ಹಾಕಿಕೊಂಡೆಯಲ್ಲ!"

"ಹೊಟ್ಟೆ ಹಿಡ್ಕೊಂಡದ್ದು ನೋಡಿದ್ರಾ?" ಎಂದ. "ಸುರಕ್ಷಾಳೂ ಹಾಗೆಯೇ ಹಿಡ್ಕೊಳ್ತಾಳೆ."

"ಹಾಗಾದ್ರೆ ಸುರಕ್ಷಾಳಿಗೆ?"

"ಅವಳಿಗೆ ಗೊತ್ತಿಲ್ಲ ಅಲ್ವಾ. ಆ ಹುಡುಗಿಗೆ ಗೊತ್ತಾಯ್ತು." ಹೊರಗೆ ಕೆಂಪು ಹೊಳೆಯನ್ನು ನೋಡುತ್ತ ಕೂತ. "ಹೆದರುವುದು ನನಗೆ ಅಭ್ಯಾಸ ಉಂಟು ಇಬ್ರಾಯಿಚ್ಚ."

ಶ್ರಾವಣದಲ್ಲಿ ಅವನೇ ಸಂಸ್ಕಾರಕ್ಕೆ ಕೂತ, ಕೊಂದವನು ನಾನು ಎಂದು ಭಟ್ಟರ ಎದುರು ಹೇಳಿದ. ಮನೆಯಲ್ಲಿ ಬೇರೆ ಏನೋ ಹರಕೆ ಎಂದು ಸುಳ್ಳು ಹೇಳಿದ್ದ. ಸ್ಪ್ರಿಂಗು ಹೊಸತು ಹಾಕಿಸಿಕೊಂಡು ಕೆಲಸಕ್ಕೆ ಹೊರಟ. ಸುರಕ್ಷಾಳ ರಕ್ತ ನಿಂತಿತು, ಹೊಟ್ಟೆ ಬೆಳೆಯಿತು. ತೃಷಾಳಿಗೆ ದೀಪಾವಳಿಯ ಹೊತ್ತಿಗೆ ಗಂಡು ಮಗು, ಸುರಕ್ಷಾಳಿಗೆ ಚಳಿಗಾಲ ಮುಗಿಯುವ ಮೊದಲು ಹೆಣ್ಣು. ಎಲ್ಲವೂ ಸರಿಯಾಯಿತು ಎಂದು ನಾನು ಅಂದುಕೊಂಡೆ. ಅವನು ಅಂದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಮಗುವನ್ನು ಬೆಳಕಿಗೆ ಹಿಡಿದು ಬೆನ್ನು, ಕಂಕುಳು, ಕಿವಿಯ ಹಿಂದೆ, ಕಣ್ಣು ಎಲ್ಲ ನೋಡುತ್ತಾನೆ. ಅಜ್ಜನಿಗೆ ಮೊಮ್ಮಗಳ ಹುಚ್ಚು ಎಂದು ಲೋಲಾಕ್ಷಿ ನಗುತ್ತಾಳೆ. ಒಮ್ಮೆ ಮಗುವಿನ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಾಗ ಅವನು ಊಟ ಬಿಟ್ಟು ನನ್ನ ಅಂಗಡಿಯಲ್ಲಿ ಬಂದು ಕೂತಿದ್ದ. ಪೌಡರು ಹಾಕಿದ ಮೇಲೆ ಹೋಯಿತು. ಹೋಗಿದೆಯೇ ಎಂದು ಇನ್ನೂ ನೋಡುತ್ತಿದ್ದಾನೆ.

ತೊಟ್ಟಿಲು ಹಾಕುವ ದಿನ ನಾನೂ ಶಿರ್ತಾಡಿಗೆ ಹೋಗಿದ್ದೆ. ಕರೆಯದಿದ್ದರೂ ನೀಲಾವತಿಯಕ್ಕ ಬಂದರು. ಯಾರಿವರು ಎಂದು ಸುರಕ್ಷಾ ಕೇಳಿದಳು. ಕೆಲಸಕ್ಕೆ ಕರೆಯುವ ಮನೆಯವರು ಎಂದ ವಸಂತ. ಅವರು ಮಗುವನ್ನು ಮಡಿಲಿಗೆ ಹಾಕಿಸಿಕೊಂಡರು. ಬಂದ ಹೆಂಗಸರೆಲ್ಲ ಮೊದಲು ಮಗುವಿನ ಮುಖ ನೋಡಿ, ಯಾರ ಹಾಗೆ ಎಂದು ಚರ್ಚೆ ಮಾಡಿದ್ದರು. ಇವರು ಮುಖ ನೋಡಲಿಲ್ಲ. ಮಗುವನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ, ಅಂಗಿ ಎತ್ತಿ, ಬೆನ್ನಿನ ಮೇಲೆ ಬೆರಳಾಡಿಸುತ್ತ ನೋಡಿದರು.

ವಸಂತ ಬಾಗಿಲಲ್ಲಿ ನಿಂತಿದ್ದ. ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ ಕೇಳಿದ. "ಏನಾದ್ರೂ ಉಂಟಾ ಅಕ್ಕ?"

"ಇಲ್ಲ," ಎಂದರು ನೀಲಾವತಿಯಕ್ಕ.

ವಸಂತ ಮಗುವನ್ನು ಅವರ ಮಡಿಲಿನಿಂದ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಮ್ಮೆ ತಾನೇ ನೋಡಿದ.